ಮೊದಲು ತೋರಿಸಬೇಕಾದವರು ಯಾರು

ಇವತ್ತು ಮಾಡಿದ ಕೆಲಸ: ಅಂಗಳ ಬಳಿದು ರಂಗೋಲಿ ಹಾಕಿದ್ದು. ನೆನೆಸಿಟ್ಟ ಮಡಕಿ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟದ್ದು. ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು. (ಊರಿನವರ ಅಂಗಿಯನ್ನೆಲ್ಲ ಹೊಲಿಯುವ ಟೇಲರ್ ಮನುಷ್ಯ, ತನ್ನ ಅಂಗಿಯ ಗುಂಡಿ ಮಾತ್ರ ನನ್ನ ಪಾಲಿಗೆ.) ಗ್ಯಾಸಿನವನಿಗೆ ಮತ್ತೆ ಫೋನು. ಒಂದು ಬೋಗುಣಿ ಹುಣಸೆ ಬೀಜ ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದು. ಒಂದು ಕಟ್ಟು ಇಸ್ಪೀಟನ್ನು ಒಣ ಬಟ್ಟೆಯಿಂದ ಎಲೆ ಎಲೆಯಾಗಿ ಒರೆಸಿದ್ದು. ಮಲ್ಲಿಗೆ ದಂಡೆ ಕಟ್ಟಿದ್ದು. ಪ್ಯಾಟೆಗೆ ಹೋಗಿ ಹಸಿರು ಬಳೆ ತಂದದ್ದು. ಮಧ್ಯಾಹ್ನ ಯಜಮಾನರ ಜೊತೆ ಒಂದು ಮನೆಗೆ ಊಟಕ್ಕೆ ಹೋಗಿ ಬಂದದ್ದು.

ಆ ಊಟ ನಡೆಯುವುದೇ ಅನುಮಾನವಾಗಿತ್ತು. ಒಬ್ಬ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೋ ಇಲ್ಲವೋ ಎಂಬುದು ಎರಡು ಇಸ್ಪೀಟೆಲೆಗೆ ಸಿಕ್ಕಿಹಾಕಿಕೊಂಡಿತ್ತು. ಹಾಗೆ ಸಿಕ್ಕಿದ್ದು ನನ್ನ ಮೇಜಿನ ಮೇಲೆ. ಅದನ್ನು ಹೇಳಬೇಕಾದರೆ ಮೊದಲು ಆ ಮೇಜಿನ ಕೆಲಸ ಎಂಥದ್ದೆಂದು ಹೇಳಬೇಕು.

ಬೈಲಹೊಂಗಲದ ಒಂದು ಕ್ಲಬ್ಬಿನಲ್ಲಿ ಇಸ್ಪೀಟಿನ ಕೋಣೆಯ ಉಸ್ತುವಾರಿ ನನ್ನದಾಗಿತ್ತು. ನಿವೃತ್ತಿಯಾಗಿ ಹೆಚ್ಚು ದಿನವಾಗಿಲ್ಲ. ನನ್ನ ಜಾಗಕ್ಕೆ ಬಂದವರು ಮೊನ್ನೆ ಸಂತೆಯಲ್ಲಿ ಸಿಕ್ಕು, "ಅಕ್ಕಾರ, ಅಲ್ಲಿ ಕೆಲಸ ಏನೂ ಇಲ್ಲಲ್ರಿ, ಕುಂತು ನೋಡೂದಷ್ಟ" ಅಂದರು. ನಾನು ಕೊತ್ತಂಬರಿ ಸೂಡು ಆರಿಸಿ ಚೀಲಕ್ಕೆ ಹಾಕಿಕೊಂಡೆ. ಒಂದು ಪಂಚಮಿ ಹಬ್ಬ ಕಳೆಯಲಿ. ಊರಿನ ಗಂಡಸರೆಲ್ಲ ಇಸ್ಪೀಟಿಗೆ ಕೂತು ಏಳದ ಆ ವಾರ ಕಳೆದ ಮೇಲೆ ಇದೇ ಮಾತು ಹೇಳಲಿ, ಕೇಳುತ್ತೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಹೆಂಗಸನ್ನು ಆ ಕೋಣೆಗೆ ಹಾಕಿದ್ದಕ್ಕೆ ನನ್ನ ಯೋಗ್ಯತೆ ಕಾರಣವಲ್ಲ. ನನಗಿಂತ ಮುಂಚೆ ಇದ್ದಾತನನ್ನು ಸದಸ್ಯರು ಆಟದ ನಡುವೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಆತನೂ ತಿರುಗಿ ಬಯ್ಯುತ್ತಿದ್ದ. ಅದನ್ನು ನಿಲ್ಲಿಸಲು ಸೆಕ್ರೆಟರಿ ಸಾಹೇಬರಿಗೆ ಹೊಳೆದ ಉಪಾಯ ನಾನು. ಆಫೀಸಿನಲ್ಲಿ ಪಾವತಿ ಬರೆಯುತ್ತಿದ್ದವಳನ್ನು ಕರೆದು, "ನೀವು ಅಲ್ಲಿ ಹೋಗಿ ಸುಮ್ನ ಕುಂದರ್ರಿ ಅಕ್ಕಾರ. ನಿಮ್ಮನ್ನ ನೋಡಿ ನಾಲಿಗಿ ಹಿಡೀತಾರ" ಅಂದರು. ಹಿಡಿದರು, ಅದು ನಿಜ. ಬಯ್ಗುಳ ನಿಂತಿತು, ಬದಲಿಗೆ ವಾದ ಶುರುವಾಯಿತು. ಬಯ್ಗುಳ ಬೇಗ ಮುಗಿಯುತ್ತದೆ. ವಾದಕ್ಕೆ ಕೆಟ್ಲಿಗಟ್ಟಲೆ ಚಹಾ ಬೇಕು.

ನಮ್ಮ ಕ್ಲಬ್ಬಿನಲ್ಲಿ ಮೇಜಿನ ಮೇಲೆ ದುಡ್ಡು ಇಡುವಂತಿಲ್ಲ. ದುಡ್ಡಿನ ಬದಲು ಹುಣಸೆ ಬೀಜ. ಆಟ ಶುರುವಾಗುವಾಗ ಎಲ್ಲರಿಗೂ ಸಮನಾಗಿ ಹಂಚುವುದು, ಮುಗಿದ ಮೇಲೆ ಡಬ್ಬಿಗೆ ತುಂಬುವುದು. ಬೀಜಕ್ಕೇ ಇಷ್ಟು ಜಗಳ ಆಡುವವರು ದುಡ್ಡಿದ್ದರೆ ಏನು ಮಾಡುತ್ತಿದ್ದರೋ ಎಂದು ಮೊದಮೊದಲು ಅನಿಸುತ್ತಿತ್ತು. ಆಮೇಲೆ ತಿಳಿಯಿತು, ಬೀಜವಾದ್ದರಿಂದಲೇ ಇಷ್ಟು ಜಗಳ. ದುಡ್ಡಿದ್ದರೆ ದುಡ್ಡು ಹೋಯಿತೆಂದು ಅಳಬಹುದು. ಬೀಜದ ಆಟದಲ್ಲಿ ಹೋಗುವುದಕ್ಕೆ ಮಾನ ಬಿಟ್ಟರೆ ಬೇರೇನೂ ಇಲ್ಲ.

ಮೊದಲು ರಮ್ಮಿ ಇತ್ತು. ರಮ್ಮಿಯಲ್ಲಿ ತಂಟೆ ಕಡಿಮೆ. ಮುಗಿಸಿದವನು ಎಲೆಗಳನ್ನೆಲ್ಲ ಹರವುತ್ತಾನೆ, ತೀರಿತು. ಮೊಬೈಲು ಕೈಗೆ ಬಂದ ಮೇಲೆ ಪೋಕರ್ ಬಂತು. ತಿಳಿಯದವರಿಗೆ ಎರಡು ಮಾತು: ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಬೇರೆಯವರಿಗೆ ಕಾಣದಂತೆ. ಮೇಜಿನ ನಡುವೆ ಐದು ಎಲೆ, ಎಲ್ಲರಿಗೂ ಕಾಣುವಂತೆ. ಎರಡೂ ಸೇರಿಸಿ ಯಾರ ಐದು ಎಲೆ ಹೆಚ್ಚಿನವೋ ಅವರದು ಗೆಲುವು. ನಡುನಡುವೆ ಬೀಜ ಏರಿಸುತ್ತಾ ಹೋಗುತ್ತಾರೆ. ಹೆದರಿದವರು ಎಲೆ ಮುಚ್ಚಿ ಎಸೆದು ಆಟದಿಂದ ಹೊರಗಾಗುತ್ತಾರೆ. ಕೊನೆಯವರೆಗೆ ಉಳಿದವರು ತೋರಿಸಬೇಕು. ಮೊಬೈಲಿನಲ್ಲಿ ಎಲೆಗಳು ತಾವಾಗಿಯೇ ತಿರುಗಿ ಬೀಳುತ್ತವೆ. ನಮ್ಮಲ್ಲಿ ಅವನ್ನು ಮನುಷ್ಯರು ತಿರುವಬೇಕು. ನನ್ನ ಕೆಲಸದ ಕಷ್ಟವೆಲ್ಲ ಇದೊಂದು ಜಾಗದಲ್ಲಿತ್ತು.

"ತೋರಸ್ರಿ."

"ಛೇ ಛೇ, ನೀವು ಹಿರಿಯರು. ನೀವು ಮೊದಲ ತೋರಸ್ರಿ."

"ನಾ ಎಲ್ಲಿ ಹಿರಿಯರಿ, ಮೊನ್ನೆ ಮೀಸಿ ಬಂದೈತಿ. ನೀವ ತೋರಸ್ರಿ."

"ನಿಮ್ಮ ಮುಂದ ನಾವು ತೋರಸೂದು ಚಂದಲ್ರಿ."

"ಅಕ್ಕಾರ, ಅವರಿಗೆ ಒಂದ್ ಮಾತು ಹೇಳ್ರಿ."

"ಇಬ್ಬರಿಗೂ ಹೇಳತೇನಿ, ಚಹಾ ಆರಿ ಹೋತು."

ಇದೇನು ಮರ್ಯಾದೆಯಲ್ಲ. ಮೊದಲು ತೋರಿಸಿದವನು ಸೋತರೆ ಸೋತದ್ದು ಕಾಣುತ್ತದೆ. ಆಮೇಲೆ ತೋರಿಸುವವನು, ತನ್ನದು ಸಣ್ಣದಿದ್ದರೆ, ಮೆಲ್ಲಗೆ ಮುಚ್ಚಿ ಸರಿಸಿಬಿಡಬಹುದು. ಅದಕ್ಕೇ ಈ "ನೀವು ಮೊದಲು." ಮದುವೆ ಪಂಕ್ತಿಯಲ್ಲೂ ಇಷ್ಟು ಉಪಚಾರ ನಡೆಯುವುದಿಲ್ಲ.

ಸೆಕ್ರೆಟರಿ ಸಾಹೇಬರಿಗೆ ದೂರು ಹೋಯಿತು. ಅವರು ಒಳ್ಳೆಯವರು, ಆದರೆ ಯಾವುದನ್ನೂ ಪೂರ್ತಿ ಕೇಳುವ ಸ್ವಭಾವವಲ್ಲ. ನಿಂತ ಕಾಲಿನಲ್ಲೇ, "ವಯಸ್ಸಿನಾಗ ಹಿರಿಯರು ಮೊದಲು ತೋರಸಬೇಕು ಅಂತ ಗೋಡಿ ಮ್ಯಾಲ ಬರಸ್ರಿ" ಅಂದರು. ಪೇಂಟರನನ್ನು ಕರೆಸಿ ಬರೆಸಿದ್ದಾಯಿತು. ಮರುದಿನವೇ ಇಬ್ಬರು ಕೂತರು. ಇಬ್ಬರಲ್ಲಿ ಹಿರಿಯರು ಯಾರು? ಆಧಾರ್ ಕಾರ್ಡು ತೆಗೆದರು. ಇಬ್ಬರೂ ಹುಟ್ಟಿದ್ದು ಒಂದೇ ಇಸವಿಯ ಜೂನ್ ಒಂದು. ನಮ್ಮ ಕಡೆ ಆ ಕಾಲದಲ್ಲಿ ಸಾಲೆಗೆ ಹಚ್ಚಿದವರೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಮಾಸ್ತರರು ಬರೆದುಕೊಂಡದ್ದೇ ಜನ್ಮ.

"ಸಾಲಿ ದಾಖಲೆ ಬ್ಯಾರೆ, ಖರೇ ಹುಟ್ಟಿದ್ದು ಬ್ಯಾರೆ," ಅಂದರು ಒಬ್ಬರು. "ನಾ ಹುಟ್ಟಿದಾಗ ಜ್ವಾಳದ ರಾಶಿ ನಡದಿತ್ತಂತ."

"ಯಾವ ವರ್ಷದ ರಾಶಿ?"

"ರಾಶಿಗೆ ವರ್ಷ ಬರದಿರತಾರೇನ್ರಿ?"

ಆ ದಿನದ ಆಟ ಅಲ್ಲಿಗೇ ನಿಂತಿತು. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿಸಿದೆವು. ಆಮೇಲೆ ಬೇರೆ ಊರುಗಳ ಆಟಗಾರರನ್ನೂ ಕೇಳಿ ಒಂದು ನಿಯಮ ತಂದೆವು. ಅದೇ ಈಗಲೂ ಇರುವುದು: ಕೊನೆಗೆ ಬೀಜ ಏರಿಸಿದವರು ಮೊದಲು ತೋರಿಸಬೇಕು. ಜೋರು ಮಾಡಿದವರು ಯಾರೋ, ಕೈಯಲ್ಲಿ ಏನಿಟ್ಟುಕೊಂಡು ಜೋರು ಮಾಡಿದೆ ಎಂದು ಅವರೇ ಮೊದಲು ಹೇಳಲಿ. ಇದಕ್ಕೆ ವಯಸ್ಸು ಬೇಡ, ಆಧಾರ್ ಬೇಡ. ಹೊಸಬರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ತೋರಿಸುವುದರಲ್ಲೂ ಎಷ್ಟು ಪರಿ! ಕಿತ್ತೂರಿನಿಂದ ಒಬ್ಬ ವಕೀಲರು ಬರುತ್ತಿದ್ದರು. ಕೈಯಲ್ಲಿ ಗೆಲ್ಲುವ ಎಲೆ ಇಟ್ಟುಕೊಂಡು ನಿಟ್ಟುಸಿರು ಬಿಡುವವರು. "ನನ್ನ ಹತ್ರ ಏನೂ ಇಲ್ರಿ, ನಸೀಬ ಇಲ್ಲ, ತಗೋರಿ ನೀವ." ಎದುರಿನವರು ಬೀಜಕ್ಕೆ ಕೈ ಚಾಚಬೇಕು, ಆಗ ಒಂದು ಎಲೆ ಇಡುವರು. ಒಂದು ಗುಟುಕು ಚಹಾ. ಕನ್ನಡಕ ಒರೆಸುವರು. ಆಮೇಲೆ ಎರಡನೆಯ ಎಲೆ. ಎದುರಿನವರ ಮುಖ ನೋಡಬೇಕು, ಕೊಟ್ಟ ಕೂಸನ್ನು ಕಸಿದುಕೊಂಡ ಹಾಗೆ. ಗೆದ್ದದ್ದಕ್ಕೆ ಯಾರಿಗೂ ಸಿಟ್ಟಿಲ್ಲ, ಕಾಯಿಸಿದ್ದಕ್ಕೆ ಸಿಟ್ಟು. ಒಂದು ದಿನ ನನಗೂ ತಾಳ್ಮೆ ತಪ್ಪಿತು. "ವಕೀಲರ, ಇದು ಕೋರ್ಟಲ್ಲ, ತಾರೀಖು ಮ್ಯಾಲ ತಾರೀಖು ಕೊಡಬ್ಯಾಡ್ರಿ. ಗೆದ್ದಿದ್ರ ಎರಡೂ ಕೂಡೇ ಇಡ್ರಿ" ಅಂದೆ. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮರುವಾರ ಮತ್ತೆ ಅದೇ ನಿಟ್ಟುಸಿರು.

ಸವದತ್ತಿಯಿಂದ ಇಬ್ಬರು ಅಣ್ಣತಮ್ಮಂದಿರು ಬರುತ್ತಿದ್ದರು. ಹೊರಗಿನವರ ಜೊತೆ ಹುಲಿಗಳು. ಇಬ್ಬರೇ ಉಳಿದರೆ ಒಬ್ಬರಿಗೊಬ್ಬರು ಬಿಟ್ಟುಕೊಡುವರು. ಒಂದೋ ಎಲೆ ಮುಚ್ಚಿ ಎಸೆಯುವುದು, ಇಲ್ಲವೇ ತಮ್ಮನಿಗಷ್ಟೇ ಕಾಣುವಂತೆ ಅಂಗೈಯಲ್ಲಿ ತೋರಿಸುವುದು. ಒಬ್ಬರಿಗೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅದರ ಮೇಲೆ ಮಿರ್ಚಿ ಭಜಿ ತಿಂದ ಕೈ. ಎಣ್ಣೆ ಹತ್ತಿದ ಎಲೆಯನ್ನು ಬೆನ್ನು ನೋಡಿಯೇ ಗುರುತಿಸಬಹುದು. ಭಜಿಯನ್ನು ಕೋಣೆಯಿಂದ ಹೊರಗೆ ಹಾಕಿಸಿದ್ದು ನನ್ನ ಸೇವೆಯಲ್ಲಿ ಎಲ್ಲರೂ ವಿರೋಧಿಸಿದ ಒಂದೇ ಕೆಲಸ.

ಅಣ್ಣತಮ್ಮಂದಿರ ಈ ಒಳಸಂಚನ್ನು ಮೊದಲು ಎತ್ತಿ ಹೇಳಿದವರು ರಾಮದುರ್ಗದ ಶಿವಪುತ್ರಪ್ಪನವರು. ಸೀರೆ ಅಂಗಡಿಯವರು. ಗಟ್ಟಿ ದನಿ, ಗಟ್ಟಿ ಆಟ, ನಿಯಮ ಅಂದರೆ ನಿಯಮ. "ಬಿಟ್ಟಕೊಡೂದು ಆಟಲ್ಲ ಅಕ್ಕಾರ, ಅದು ಉಳದವರಿಗೆ ಮಾಡೂ ಮೋಸ. ಮುಚ್ಚಿದ ಎಲಿ ತಿರುವಿ ನೋಡೂ ಹಕ್ಕು ಇರಬೇಕು" ಎಂದು ಪಟ್ಟು ಹಿಡಿದರು. ಕಮಿಟಿ ಒಪ್ಪಿತು. ಹೊಸ ಸಾಲು ಗೋಡೆಗೆ ಏರಿತು. ಇದನ್ನು ಸಾವಕಾಶವಾಗಿ ಓದಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಕೊನೆಯವರೆಗೆ ಉಳಿದು ಎಲೆ ಮುಚ್ಚಿ ಸೋಲೊಪ್ಪಿದವರ ಎಲೆಯನ್ನು ತೋರಿಸಿ ಎಂದು ಮೇಜಿನಲ್ಲಿದ್ದವರು ಕೇಳಬಹುದು. ಬೇರೆಯವರು ಕೇಳಿದರೆ ಅದು ಸತ್ತ ಎಲೆ, ನೋಡುವುದಕ್ಕಷ್ಟೇ. ಗೆದ್ದವರೇ ಕೇಳಿದರೆ ಆ ಎಲೆಗೆ ಜೀವ ಬರುತ್ತದೆ. ಅದು ದೊಡ್ಡದಾಗಿದ್ದರೆ ಗೆಲುವು ಅದರದ್ದು. ಗೆದ್ದವರು ಸುಮ್ಮನೆ ಕುತೂಹಲಕ್ಕೆ ಕೇಳಿ ಸೋತವರನ್ನು ಗೇಲಿ ಮಾಡಬಾರದೆಂದು ಇಟ್ಟ ಬೇಲಿ ಅದು. ಕೇಳುವ ಹಕ್ಕಿದೆ. ಕೇಳುವುದು ಮರ್ಯಾದೆಯಲ್ಲ.

ನನ್ನ ಮಟ್ಟಿಗೆ ಇನ್ನೊಂದು ನಿಯಮ, ಗೋಡೆಯ ಮೇಲೆ ಬರೆಯದ್ದು: ಮುಚ್ಚಿ ಬಂದ ಎಲೆಯನ್ನು ನಾನು ನೋಡುವುದಿಲ್ಲ. ಅಂಗೈ ಅಡ್ಡ ಹಿಡಿದು ಎಳೆದುಕೊಂಡು ಉಳಿದವುಗಳ ಜೊತೆ ಕಲೆಸಿಬಿಡುವುದು. ನೋಡುವ ಆಸೆ ಆಗುವುದಿಲ್ಲವೇ? ಆಗುತ್ತದೆ. ಪಕ್ಕದ ಮನೆಯ ಜಗಳ ಕೇಳುವ ಆಸೆಯೂ ಆಗುತ್ತದೆ, ಕಿಟಕಿ ಹಾಕಿಕೊಳ್ಳುವುದಿಲ್ಲವೇ?

ಇನ್ನು ಬೈಲಹೊಂಗಲದ ಬಸಲಿಂಗಪ್ಪನವರು. ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರ. ಮೆತ್ತನೆ ಮನುಷ್ಯ, ಗೆದ್ದರೂ ತಪ್ಪು ಮಾಡಿದವರ ಹಾಗೆ ಬೀಜ ಎಳೆದುಕೊಳ್ಳುವರು. ಶಿವಪುತ್ರಪ್ಪ, ಬಸಲಿಂಗಪ್ಪ ಗೆಳೆಯರಾದದ್ದು ನನ್ನ ಮೇಜಿನಲ್ಲಿ. ಬಸಲಿಂಗಪ್ಪನವರ ಮಗಳು ಸವಿತಾಳನ್ನು ಶಿವಪುತ್ರಪ್ಪನವರ ಮಗನಿಗೆ ತಂದುಕೊಳ್ಳುವ ಮಾತು ಎದ್ದದ್ದೂ ಎಲೆ ಕಲೆಸುವ ನಡುವಿನಲ್ಲೇ. ಮದುವೆಯಾಯಿತು. ಗೆಳೆಯರು ಬೀಗರಾದರು. ಅಲ್ಲಿಂದ ಶಿವಪುತ್ರಪ್ಪನವರ ಗೆಲುವು ಹೆಚ್ಚಾಯಿತು ಎಂದು ನನಗೂ ಅನಿಸಿತ್ತು. ಅನಿಸಿದ್ದನ್ನೆಲ್ಲ ಆಡುವುದು ನನ್ನ ಕೆಲಸವಾಗಿರಲಿಲ್ಲ.

ವರ್ಷಕ್ಕೊಮ್ಮೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆಯ ಆಟಗಾರರು ಒಂದು ಕಡೆ ಸೇರುತ್ತಾರೆ. ಗೆದ್ದವರಿಗೆ ಒಂದು ಹಿತ್ತಾಳೆ ತಂಬಿಗೆ. ನಾನು ಕೆಲಸ ಬಿಡುವ ವರ್ಷ ಅದು ನಮ್ಮಲ್ಲಿತ್ತು. ಸಂಜೆಯ ಹೊತ್ತಿಗೆ ಎಲ್ಲರೂ ಬಿದ್ದು ಕೊನೆಗೆ ಉಳಿದವರು ಬೀಗರಿಬ್ಬರೇ. ಸುತ್ತ ಜನ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ನಡುವಿನ ಐದು ಎಲೆ: ಒಂದು ರಾಜ, ಎರಡು ಒಂಬತ್ತು, ಒಂದು ನಾಲ್ಕು, ಒಂದು ಎರಡು. ಶಿವಪುತ್ರಪ್ಪನವರು ತಮ್ಮ ಬೀಜವನ್ನೆಲ್ಲ ಎರಡೂ ಕೈಯಿಂದ ಮುಂದೆ ದೂಡಿದರು. ಬಸಲಿಂಗಪ್ಪನವರು ಬಹಳ ಹೊತ್ತು ನೋಡಿ ತಮ್ಮದನ್ನೂ ಅಷ್ಟೇ ದೂಡಿ "ತೋರಸ್ರಿ" ಅಂದರು. ಕೊನೆಗೆ ಏರಿಸಿದವರು ಶಿವಪುತ್ರಪ್ಪ, ಪಾಳಿ ಅವರದು. ಟಪ್ಪೆಂದು ಬಡಿದರು: ಎಕ್ಕಾ, ರಾಜ. ಅಂದರೆ ರಾಜನ ಜೋಡಿ, ಒಂಬತ್ತರ ಜೋಡಿ. ಜನ ಹೋ ಅಂದಿತು.

ಬಸಲಿಂಗಪ್ಪ ನಕ್ಕರು. ಎರಡು ಎಲೆಯನ್ನೂ ಮುಚ್ಚಿಯೇ ನನ್ನ ಕಡೆ ಸರಿಸಿದರು. "ನಿಮ್ದ ಗೆಲುವು ಬೀಗರ."

ನಾನು ಕೈ ಚಾಚಿದ್ದೆ. ಇನ್ನೇನು ಎಳೆದುಕೊಂಡು ಕಲೆಸಿದ್ದರೆ ಮುಗಿಯಿತು.

"ತಡೀರಿ ಅಕ್ಕಾರ," ಅಂದರು ಶಿವಪುತ್ರಪ್ಪ. "ಏನ ಇಟ್ಟಕೊಂಡು ಅಷ್ಟು ಬೀಜ ದೂಡಿದ್ರೋ ನೋಡೋಣು. ತಿರುವ್ರಿ."

"ಗೆದ್ದವರು ನೀವು. ನೀವ ಕೇಳಾಕತ್ತೀರೇನು?" ಅಂದೆ. ಇದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ.

"ನಾನ ಕೇಳತೇನಿ. ಗ್ವಾಡಿ ಮ್ಯಾಲ ಬರಿಸಿದಾಂವಾನೂ ನಾನ."

"ಬ್ಯಾಡ್ರಿ ಬೀಗರ," ಅಂದರು ಬಸಲಿಂಗಪ್ಪ. "ಏನೂ ಇಲ್ಲ ಅದರಾಗ. ಬಿಡ್ರಿ."

"ಏನೂ ಇಲ್ಲಂದ್ರ ತೋರಸಾಕ ಯಾಕ ಅಂಜಿಕಿ?"

ತಿರುವಿದೆ. ನಾಲ್ಕು, ನಾಲ್ಕು. ನಡುವಿನ ನಾಲ್ಕು ಸೇರಿ ಮೂರು ನಾಲ್ಕು, ಎರಡು ಒಂಬತ್ತು. ಇಂಗ್ಲಿಷಿನಲ್ಲಿ ಅದಕ್ಕೇನೋ ಹೆಸರಿದೆ. ನಮ್ಮ ಕೋಣೆಯಲ್ಲಿ 'ತುಂಬಿದ ಮನಿ' ಅನ್ನುತ್ತಿದ್ದೆವು. ಎರಡು ಜೋಡಿಗಿಂತ ಬಹಳ ದೊಡ್ಡದು. ಪೋಕರ್ ಬಂದ ಮೊದಲ ವಾರವೇ ಕಲಿಯುವ ಪಾಠ ಅದು. ಬಸಲಿಂಗಪ್ಪನವರಿಗೆ ಗೊತ್ತಿರಲಿಲ್ಲ ಅನ್ನಲು ದಾರಿಯೇ ಇರಲಿಲ್ಲ.

ಯಾರೂ ಹೋ ಅನ್ನಲಿಲ್ಲ. ಕಿತ್ತೂರಿನ ವಕೀಲರು ಮಾತ್ರ ನಿಜವಾದ ಒಂದು ನಿಟ್ಟುಸಿರು ಬಿಟ್ಟರು.

"ಗೆಲುವು ಬಸಲಿಂಗಪ್ಪನವರದು," ಅಂದೆ. ನಿಯಮ ಹಾಗಿದೆ, ಹಾಗೆಯೇ ಹೇಳಿದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಶಿವಪುತ್ರಪ್ಪ ಎದ್ದು ನಿಂತರು. "ನನಗ ಭಿಕ್ಷಾ ಹಾಕಾಕತ್ತಿದ್ರೇನು?"

"ಹಂಗಲ್ರಿ ಬೀಗರ. ಹೆಣ್ಣ ಕೊಟ್ಟವರು ನಾವು. ಇಷ್ಟು ಮಂದಿ ಮುಂದ, ಗಂಡಿನವರ ಎದುರು, ತುಂಬಿದ ಮನಿ ತೋರಿಸಿ ಬೀಜ ಹೆಂಗ ಎಳಕೊಳ್ಳೂದು..."

"ಇಸ್ಪೀಟ ಆಡಾಕ ಬಂದೀರೋ, ಬೀಗರ ಉಪಚಾರ ಮಾಡಾಕ ಬಂದೀರೋ? ನನ್ನ ಹೊಸ್ತಿಲ ತುಳೀಬ್ಯಾಡ್ರಿ ಇನ್ನ."

ತಂಬಿಗೆ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಬಸಲಿಂಗಪ್ಪನವರೂ ಮುಟ್ಟಲಿಲ್ಲ. ಮರುದಿನ ನಾನೇ ಬೀಜದ ಡಬ್ಬಿಯ ಪಕ್ಕ ಕಪಾಟಿನಲ್ಲಿಟ್ಟೆ.

ಸವಿತಾ ಆಗ ಬಸುರಿ. ತವರಿಗೆ ಕರೆದೊಯ್ದು ಕುಬಸ, ಅಂದರೆ ಸೀಮಂತ, ಮಾಡುವ ತಿಂಗಳು ಹತ್ತಿರ ಬರುತ್ತಿತ್ತು. ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನದು. ಹಡೆದವ್ವ ಬಂದು ಕರೆದುಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಬೇಕು. ಹೊಸ್ತಿಲೇ ತುಳಿಯಬೇಡ ಅಂದ ಮೇಲೆ ಕರೆಯುವುದು ಹೇಗೆ? ಬಸಲಿಂಗಪ್ಪ, "ಅವರು ಒಂದ್ ಫೋನ್ ಮಾಡಿ ಬರ್ರಿ ಅನ್ಲಿ, ಓಡಿ ಹೋಗತೇನಿ" ಅನ್ನುವರು. ಶಿವಪುತ್ರಪ್ಪ, "ಮಗಳನ್ನ ಕರಿಯೂದು ಹೆಣ್ಣಿನವರ ಕೆಲಸ. ಅವರ ಬಂದು ಕೇಳಲಿ, ನೋಡತೇನಿ" ಅನ್ನುವರು. ನೀವು ಮೊದಲು, ನೀವು ಮೊದಲು. ಜೀವಮಾನವಿಡೀ ಮೇಜಿನ ಮೇಲೆ ಕೇಳಿದ್ದು ಸಾಲದು ಎಂದು ಮನೆಗೂ ಬಂತು.

ಸೆಕ್ರೆಟರಿ ಸಾಹೇಬರು ಕರೆಸಿದರು. "ಅಕ್ಕಾರ, ತೀರ್ಪು ತಪ್ಪಾತು ಅಂತ ಒಂದ್ ಮಾತು ಅಂದ್ಬಿಡ್ರಿ. ನಿಮಗೇನು, ಈ ತಿಂಗಳ ಮನಿಗೆ ಹೊಂಟೀರಿ."

"ತೀರ್ಪು ವಾಪಸ್ ತಗೋಬಹುದ್ರಿ. ಎಲ್ಲಾರೂ ನೋಡಿದ ಎಲಿ ವಾಪಸ್ ಮುಚ್ಚೂದು ಹೆಂಗ?"

ಸಾಹೇಬರು ಮಾತು ಹೊರಳಿಸಿದರು. ಬೀಳ್ಕೊಡುಗೆಗೆ ಶಾಲು ತರಿಸಲೋ ಗೋಡೆ ಗಡಿಯಾರವೋ ಎಂದು ಕೇಳಿದರು. ಕುಕ್ಕರ್ ಅಂದೆ.

ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದಾಗ ಸವಿತಾಳ ಫೋನು. "ಅಕ್ಕಾರ, ಮಾವಾರು ನನ್ನ ಕೂಡ ಚಲೋನ ಅದಾರ. ಹಣ್ಣ ತರತಾರ, ಬಿಸಲಾಗ ಹೋಗಬ್ಯಾಡ ಅಂತಾರ. ಅಪ್ಪನ ಹೆಸರ ತಗದ್ರ ಎದ್ದು ಹೊರಗ ಹೋಗತಾರ. ಅವ್ವ ಸೀರಿ ತಂದು ಪೆಟಗಿಯೊಳಗ ಇಟ್ಟಾಳಂತ." ಆ ಕಡೆ ಬಾಗಿಲು ಹಾಕಿದ ಸದ್ದು. "ನನಗ ಅಂಜಿಕಿ ಆಗತೈತ್ರಿ. ಅವ್ವ ಹತ್ರ ಇರಬೇಕು ಅನಸತೈತಿ."

ಮರುದಿನ ಯಜಮಾನರಿಗೆ ರೊಟ್ಟಿ ಬುಟ್ಟಿ ತೋರಿಸಿ, ಪಲ್ಯ ಎಲ್ಲಿದೆ ಹೇಳಿ, ಬಸ್ ಹತ್ತಿದೆ. ಸವದತ್ತಿಯಲ್ಲಿ ಬದಲಿಸಬೇಕು. ನವಿಲುತೀರ್ಥದ ಹಿನ್ನೀರು ಕಿಟಕಿಯಲ್ಲಿ ಬಂದು ಹೋಯಿತು. ನನಗೆ ನೋಡುವ ಮನಸ್ಸಿರಲಿಲ್ಲ. ಎರಡು ಗಂಡಸರ ಹಟಕ್ಕೆ ನಾನೇಕೆ ಟಿಕೆಟ್ ತೆಗೆದುಕೊಳ್ಳಬೇಕು ಎಂದು ರಾಮದುರ್ಗ ಮುಟ್ಟುವವರೆಗೂ ಸಿಟ್ಟು ಕುದಿಯುತ್ತಿತ್ತು.

ಶಿವಪುತ್ರಪ್ಪನವರು ಮನೆಗೆ ಹೊಂದಿದ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, "ಬರ್ರಿ ಅಕ್ಕಾರ, ಕುಂದರ್ರಿ. ಸೀರಿ ನೋಡಾಕ ಬಂದಿಲ್ಲ ಅನ್ನೂದು ಗೊತ್ತೈತಿ" ಅಂದರು.

"ಗೊತ್ತಿದ್ರ ಚಲೋ ಆತು. ಒಂದ ಮಾತು ಕೇಳತೇನಿ. ಮೊದಲ ತೋರಸಬೇಕಾದವರು ಯಾರು?"

"ಯಾವ ಆಟದಾಗ?"

"ನಿಮ್ಮ ಎಲ್ಲಾ ಆಟದಾಗ."

"ಕೊನಿಗೆ ಏರಿಸಿದವರು."

"ಹೊಸ್ತಿಲ ತುಳೀಬ್ಯಾಡ್ರಿ ಅಂತ ಏರಿಸಿದವರು ಯಾರು? ಆ ಮ್ಯಾಲ ಬಸಲಿಂಗಪ್ಪ ಬಾಯಿ ತಗದಾರೇನು?"

ಅವರು ಅಳತೆ ಕೋಲನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಗಿರಾಕಿ ಯಾರೂ ಇರಲಿಲ್ಲ. ಆ ಗಟ್ಟಿ ದನಿಯನ್ನು ಅಷ್ಟು ತಗ್ಗಿಸಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಸೋತಿದ್ದಕ್ಕ ಸಿಟ್ಟಲ್ರಿ ಅಕ್ಕಾರ. ಮದವಿ ಆದಾಗಿಂದ ನಾ ಅವರ ಕೂಡ ಎಷ್ಟು ಆಟ ಗೆದ್ದೇನಿ. ಮನಿಗೆ ಬಂದು ಹೆಂಡತಿ ಮುಂದ ಹೇಳೇನಿ, ಸೊಸಿ ಮುಂದ ಹೇಳೇನಿ, 'ನಿಮ್ಮಪ್ಪನ ಬುಡಾ ಕಿತ್ತು ಬಂದೆ ನೋಡ' ಅಂತ. ಆಕಿ ನಗತಿದ್ಲು. ಈಗ ಅದರಾಗ ಯಾವುದು ಖರೇ, ಯಾವುದು ಅವರು ಬಿಟ್ಟಕೊಟ್ಟಿದ್ದು? ಒಂದರೆ ನಾನು ಗೆದ್ದೇನೋ ಇಲ್ಲೋ?" ನನ್ನ ಮುಖ ನೋಡಿದರು. "ನಿಮಗ ಗೊತ್ತಿರತೈತಿ. ಎಲಿ ಎತ್ತೂವರು ನೀವು."

ಎಲ್ಲವೂ ನೀವೇ ಗೆದ್ದದ್ದು ಎಂದುಬಿಡಬಹುದಿತ್ತು. ಬಸ್ಸಿನ ಹೊತ್ತಾಗಿತ್ತು, ಹೊಟ್ಟೆ ಹಸಿದಿತ್ತು, ಒಂದು ಸುಳ್ಳಿನಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಬೇಕಾದರೂ ನೋಡಿರಬೇಕಲ್ಲ.

"ನನಗ ಗೊತ್ತಿಲ್ರಿ. ಮುಚ್ಚಿ ಹಾಕಿದ ಎಲಿ ನಾ ಒಮ್ಮೆನೂ ತಿರುವಿ ನೋಡಿಲ್ಲ. ನೋಡಿದ್ರ ನೀವು ನನ್ನ ಮೇಜಿಗೆ ಕುಂದರತಿದ್ದಿಲ್ಲ. ಹೋದ ಎಲಿ ಹೋದ್ವು, ಅವನ್ನ ಬಸಲಿಂಗಪ್ಪನವರೂ ನೆನಪಿಟ್ಟಿರೂದಿಲ್ಲ. ಮುಂದಿನ ಆಟದಾಗ ತೋರಸ್ರಿ ಅಂತ ಕೇಳ್ರಿ. ಅಷ್ಟ ನಿಮ್ಮ ಕೈಯಾಗ ಇರೂದು."

"ಕೇಳಿದ್ರ ತೋರಸತಾರೇನು?"

"ಕೇಳೇ ನೋಡಬೇಕು. ಆದ್ರ ಪಾಳಿ ನಿಮ್ದು."

ಅವರು ಒಳಗೆ ಹೋಗಿ ಸವಿತಾಳ ಕೈಯಲ್ಲಿ ನನಗೆ ಅವಲಕ್ಕಿ ಕಳಿಸಿದರು. ಹುಡುಗಿ ತಟ್ಟೆ ಹಿಡಿದು ನಿಂತೇ ಇದ್ದಳು, ಕಿವಿ ಒಳಗಿತ್ತು. ಒಳಗಿನಿಂದ ಫೋನಿನ ಮಾತು ಕೇಳಿಸಿತು, ಮತ್ತೆ ಅದೇ ಗಟ್ಟಿ ದನಿಯಲ್ಲಿ: "ಬೀಗರ, ನಾ ಶಿವಪುತ್ರಪ್ಪ. ಮಗಳನ್ನ ಕರಕೊಂಡು ಹೋಗಾಕ ಬರ್ರಿ. ಆದ್ರ ಒಂದ ಕರಾರು. ಕುಬಸದ ದಿನ ನಿಮ್ಮ ಪಡಸಾಲ್ಯಾಗ ಆಟ. ಎಲಿ ಮುಚ್ಚೂ ಹಂಗಿಲ್ಲ. ಗೆದ್ರೂ ತೋರಸಬೇಕು, ಸೋತ್ರೂ ತೋರಸಬೇಕು... ಏನು?... ಅಳಬ್ಯಾಡ್ರಿ, ಮೊದಲ ಹೂಂ ಅನ್ರಿ."

ಸವಿತಾ ತಟ್ಟೆಯನ್ನು ನನ್ನ ಕೈಗೆ ಕೊಡುವುದನ್ನೇ ಮರೆತು ಒಳಗೆ ಓಡಿದಳು. ಓಡಬೇಡ ಎಂದು ಕೂಗುವಷ್ಟರಲ್ಲಿ ಮಾವನೇ ಕೂಗಿದರು.

ಆ ಕುಬಸ ಇವತ್ತು, ಬಸಲಿಂಗಪ್ಪನವರ ಮನೆಯಲ್ಲಿ. ಬೀಜ ತೊಳೆದು, ಇಸ್ಪೀಟು ಒರೆಸಿ, ಎರಡನ್ನೂ ಚೀಲದಲ್ಲಿ ಒಯ್ದದ್ದು ಅದಕ್ಕೇ. ಆರತಿಯಾಯಿತು, ಹಸಿರು ಬಳೆ ತೊಡಿಸಿದೆವು, ಉಡಿ ತುಂಬಿದೆವು, ಊಟವಾಯಿತು. ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುವಾಗ ಬೀಗರಿಬ್ಬರೂ ಪಡಸಾಲೆಯ ಚಾಪೆಯ ಮೇಲೆ ಎದುರು ಬದುರು ಕೂತರು. ನಿವೃತ್ತಿಯಾದರೂ ಎಲೆ ಹಾಕುವವಳು ನಾನೇ.

ಪಾಪ, ಬಸಲಿಂಗಪ್ಪನವರ ನಸೀಬವೇ. ಸೋಲಬೇಕೆಂದು ಎಷ್ಟು ಬೇಡಿಕೊಂಡಿದ್ದರೋ, ಮೊದಲನೆಯದೂ ಗೆದ್ದರು, ಎರಡನೆಯದೂ ಗೆದ್ದರು. ಹಣೆಯಲ್ಲಿ ಬೆವರು.

"ಮತ್ತ ನಂದ ಆತಲ್ರಿ ಬೀಗರ..."

"ಆಗಲಿ. ಎಳಕೋರಿ. ಮುಖ ಹಂಗ್ಯಾಕ ಮಾಡಾಕತ್ತೀರಿ, ಎಳಕೋರಿ!"

ಇನ್ನೂ ಒಂದೆರಡು ಹೋದವು. ಆಮೇಲೆ ಒಂದು ಆಟದಲ್ಲಿ ಶಿವಪುತ್ರಪ್ಪನವರು ಹತ್ತರ ಜೋಡಿ ಇಟ್ಟರು. ಬಸಲಿಂಗಪ್ಪ ತಮ್ಮ ಎರಡೂ ಎಲೆ ತಿರುವಿದರು: ಏಳರ ಜೋಡಿ. ಅವೆರಡೂ ಎಲೆಯನ್ನು ಶಿವಪುತ್ರಪ್ಪನವರು ಎತ್ತಿಕೊಂಡು, ಹಿಂದೆ ಮುಂದೆ ನೋಡಿ, ಬೆಳಕಿಗೆ ಹಿಡಿದರು. ಬಾಗಿಲಲ್ಲಿ ಹಸಿರು ಸೀರೆಯಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ ಚಾಚಿದರು.

"ನೋಡವಾ. ಇದು ಖರೇ."

"ಹೂಂರಿ ಮಾವಾರ," ಅಂದಳು ಸವಿತಾ. "ಅಪ್ಪನ ಬುಡಾ ಕಿತ್ರಿ."

ಮುಂದಿನ ಆಟದಲ್ಲಿ ಶಿವಪುತ್ರಪ್ಪನವರು ಬೀಜ ಏರಿಸಿದರು, ಬಸಲಿಂಗಪ್ಪ ಕೂಡಿಸಿದರು. ತೋರಿಸುವ ಪಾಳಿ ಶಿವಪುತ್ರಪ್ಪನವರದು. ನೋಡಿದರೆ ಗೋಡೆಗೆ ಒರಗಿದವರು ಅಂಗೈಯ ಕೆಳಗೆ ಎರಡೂ ಎಲೆ ಮುಚ್ಚಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು.

ಬಸಲಿಂಗಪ್ಪ ಮೆಲ್ಲಗೆ ನನ್ನ ಕಡೆ ಬಾಗಿ, "ಅಕ್ಕಾರ, ಏನೈತಿ ಅಂತ ಒಂದೀಟ ನೋಡ್ಲೇನು?" ಅಂದರು.

"ಕೈ ತಗೀರಿ. ಎದ್ದ ಮ್ಯಾಲ ಅವರ ತೋರಸತಾರ."

ಊಟಕ್ಕೆ ಕಡಲೆಬೇಳೆ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ, ಚಿತ್ರಾನ್ನ, ಹುಳಿಯನ್ನ, ಕರ್ಚಿಕಾಯಿ. ಮಿರ್ಚಿ ಭಜಿಯನ್ನು ನಾನೇ ಪಡಸಾಲೆಗೆ ಬಿಡಲಿಲ್ಲ. ಮೊದಲು ಮಲಗಿದವರು ಶಿವಪುತ್ರಪ್ಪನವರು, ಅವರ ಹಿಂದೆಯೇ ನಮ್ಮ ಯಜಮಾನರು. ಆಮೇಲೆ ಸವಿತಾ, ಅವ್ವನ ತೊಡೆಯ ಮೇಲೆ. ಬಸಲಿಂಗಪ್ಪನವರು ಮಾತ್ರ ತಮ್ಮ ಎರಡು ಎಲೆ ಹಿಡಿದು ಬೀಗರು ಏಳುವುದನ್ನೇ ಕಾಯುತ್ತಾ ಕೂತಿದ್ದರು.